ಕಮಲಾಕರಣ್ಣನ ಮೂರು ಗಂಟೆ

ಕಮಲಾಕರಣ್ಣ ನಮ್ಮ ಹೋಟೆಲಿನಲ್ಲಿ ಇಡ್ಲಿಯನ್ನು ಕೈಯಲ್ಲಿ ಮುಟ್ಟುತ್ತಿರಲಿಲ್ಲ. ಎರಡು ಚಮಚ ಕೇಳಿ ತೆಗೆದುಕೊಳ್ಳುತ್ತಿದ್ದರು. ಉಗುರಿನ ಸಂದಿಯಲ್ಲಿ ಕೂತ ಗ್ರೀಸ್ ಯಾವ ಸೋಪಿಗೂ ಹೋಗುತ್ತಿರಲಿಲ್ಲ. ಮಾಧ್ವರ ಮನೆಯ ಮಗ. ತಾಯಿ ಭೀಮಾಬಾಯಿ ಮಡಿಯ ಹೆಂಗಸು. ಸ್ನಾನ ಮಾಡಿ ಬರದೆ ಆ ಕೈ ಇಟ್ಟುಕೊಂಡು ಅಡಿಗೆಮನೆಯ ಹೊಸಿಲು ದಾಟುವಂತಿರಲಿಲ್ಲ. ಹಾಗಾಗಿ ಬೆಳಗಿನ ತಿಂಡಿ ನಮ್ಮಲ್ಲಿ.

ಮದ್ರಾಸಿನ ಪುರಸೈವಾಕ್ಕಂನಲ್ಲಿ ಕಿಟ್ಟಣ್ಣನ ಹೋಟೆಲಿನ ಅಡಿಗೆಯವನು ನಾನು. ಹೆಸರು ಜಯಪ್ರಕಾಶ, ಊರು ಕಾರ್ಕಳದ ಹತ್ತಿರ. ಹೋಟೆಲಿನ ಹಿಂದಿನ ಗಲ್ಲಿಯಲ್ಲಿ ಕಮಲಾಕರಣ್ಣನ ಶೆಡ್ಡು ಇತ್ತು. ಒಂದು ಹಳೆಯ ಲೇತು, ಒಂದು ಡ್ರಿಲ್ಲು, ಗೋಡೆಯ ತುಂಬ ಮೊಳೆ, ಮೊಳೆಗೆ ತೂಗುಹಾಕಿದ ಬಿಲ್ಲೆ, ಬಳೆ, ಸರಪಳಿ. ನಮ್ಮ ಗ್ರೈಂಡರ್ ಕೆಟ್ಟಾಗ ಅವರೇ ಬಂದು ಸರಿ ಮಾಡುತ್ತಿದ್ದರು. ನನಗೂ ಯಂತ್ರ ನೋಡುವ ಹುಚ್ಚು. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ನಾನು ಶೆಡ್ಡಿಗೆ ಹೋಗಿ ಕೂರುತ್ತಿದ್ದೆ.

ತೊಂಬತ್ತೇಳು, ತೊಂಬತ್ತೆಂಟರಲ್ಲಿ ರೇಸ್ ಓಡಿಸುವವರು ಬೈಕ್ ತಂದು ಅವರ ಮುಂದೆ ನಿಲ್ಲಿಸುತ್ತಿದ್ದರು. "ಅಣ್ಣಾ, ಇನ್ನೂ ಸ್ಪೀಡ್ ಬೇಕು" ಎನ್ನುತ್ತಿದ್ದರು. ಕಮಲಾಕರಣ್ಣ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಇಟ್ಟು, ಹಿಡಿಯನ್ನು ಕಿವಿಗೆ ಇಟ್ಟು, ಕಣ್ಣು ಮುಚ್ಚಿ ಕೇಳುತ್ತಿದ್ದರು. ಒಳಗೆ ಯಾವ ಬೇರಿಂಗ್ ಸವೆದಿದೆ, ಯಾವ ರಿಂಗ್ ಅಂಟಿದೆ ಎಂದು ಬಿಚ್ಚದೆಯೇ ಹೇಳುತ್ತಿದ್ದರು. ಬಿಚ್ಚಿದರೆ ಅದೇ ಇರುತ್ತಿತ್ತು.

"ಪವರ್ ಬರಿಸೋದು ಯಾವನ್ ಬೇಕಾದ್ರೂ ಮಾಡ್ತಾನಪ್ಪಾ" ಎಂದು ಒಂದು ದಿನ ಹೇಳಿದರು. "ಫೈಲ್ ತಗೊಂಡು ಉಜ್ಜಿದ್ರೆ ಆಯ್ತು. ಆ ಪವರ್ ನಾಳೇನೂ ಇರಬೇಕು ನೋಡು, ಅಲ್ಲೇ ಕಷ್ಟಂ."

ಅವರಿಗೆ ಒಂದು ಲೆಕ್ಕ ಇತ್ತು. ಬೇರಿಂಗ್ ಹೊಸದು, ಆಯಿಲ್ ಸೀಲ್ ಹೊಸದು. ಈ ಎರಡರಲ್ಲಿ ಜಿಪುಣತನ ಇಲ್ಲ. ಉಳಿದದ್ದೆಲ್ಲ ಪುದುಪೇಟೆಯ ಹಳೇ ಸಾಮಾನಿನ ರಾಶಿಯಿಂದ. ಒಂದು ಪಿಸ್ಟನ್ನಿಗೆ ಅರ್ಧ ದಿನ ರಾಶಿ ಕೆದಕುತ್ತಿದ್ದರು. ತಂದು, ಅಳೆದು, ಬೇಡವಾದರೆ ಮರುದಿನ ಹಿಂದಕ್ಕೆ ಕೊಟ್ಟು ಬರುತ್ತಿದ್ದರು. ಅಂಗಡಿಯವರು ಬಯ್ಯುತ್ತಿದ್ದರು. ಇವರು ತಲೆ ತಗ್ಗಿಸಿ ಬರುತ್ತಿದ್ದರು.

ಅವರ ಅಣ್ಣ ಉಪೇಂದ್ರ ಬ್ಯಾಂಕಿನಲ್ಲಿ ಆಫೀಸರ್, ಅಣ್ಣಾ ನಗರದಲ್ಲಿ ಫ್ಲಾಟು. ಇವರು ಪಾಲಿಟೆಕ್ನಿಕ್ ಅರ್ಧಕ್ಕೆ ಬಿಟ್ಟವರು. ಪಾಸಾದ ಕಾಗದ ಇಲ್ಲ. ಯಾವ ಕಂಪನಿಗೆ ಹೋದರೂ ಮೊದಲು ಕಾಗದ ಕೇಳುತ್ತಾರೆ. ಮದುವೆಯೂ ಆಗಲಿಲ್ಲ. ಭೀಮಾಬಾಯಮ್ಮ ನನ್ನ ಮುಂದೆಯೇ ಹಂಗಿಸುತ್ತಿದ್ದರು. "ಊರೋರ ಗಾಡೀನೆಲ್ಲಾ ಓಡಿಸ್ತಾನೆ ಕಣೋ ಜಯಪ್ರಕಾಶಾ. ಇವನ ಗಾಡಿ ಮಾತ್ರ ನಿಂತಲ್ಲೇ ನಿಂತಿದೆ."

ಎರಡು ಸಾವಿರದ ಮೂರರ ಕೊನೆಗೆ ಎರಡು ಸಂಗತಿ ಒಟ್ಟಿಗೆ ಬಂದವು. ಗಲ್ಲಿಯ ಕಟ್ಟಡ ಕೆಡವಿ ಬಟ್ಟೆ ಅಂಗಡಿ ಕಟ್ಟುತ್ತಾರೆ, ಏಪ್ರಿಲ್ ಒಳಗೆ ಶೆಡ್ಡು ಖಾಲಿ ಮಾಡಿ ಎಂದು ಮಾಲೀಕರು ಹೇಳಿದರು. ಇನ್ನೊಂದು, ಭೋಜರಾಜ ಶೆಟ್ಟರು ಬಂದರು.

ಭೋಜರಾಜ ಶೆಟ್ಟರು ನಮ್ಮ ಊರ ಕಡೆಯವರು. ಮುಟ್ಟುಕಾಡಿನಿಂದ ಆಚೆ ಸಮುದ್ರದ ಬದಿಯಲ್ಲಿ ರೆಸಾರ್ಟ್ ಕಟ್ಟಿದ್ದರು. ದುಬೈಯಿಂದ ಮರಳಿನ ಮೇಲೆ ಓಡುವ ನಾಲ್ಕು ಚಕ್ರದ ಬೈಕು ತರಿಸಿದ್ದರು. ನಾಲ್ಕು ಗಾಡಿ, ನಾಲ್ಕೂ ಹಳೆಯವು. ಬೈಕಿನ ಹಾಗೆ ಹ್ಯಾಂಡಲ್, ಟ್ರ್ಯಾಕ್ಟರಿನ ಹಾಗೆ ದಪ್ಪ ಟೈರು. ಭಾನುವಾರ ಮರಳಿನ ಮೇಲೆ ರೇಸ್ ಇಟ್ಟರೆ ಜನ ಬರುತ್ತಾರೆ ಎಂದು ಅವರ ಆಸೆ. ಆದರೆ ಎಂಜಿನ್ನುಗಳು ಸತ್ತಿದ್ದವು. ಈ ದೇಶದಲ್ಲಿ ಅದರ ಒಂದು ಬೋಲ್ಟೂ ಸಿಗುತ್ತಿರಲಿಲ್ಲ. ನಮ್ಮ ಹೋಟೆಲಿಗೆ ಕಾಫಿಗೆ ಬಂದವರಿಗೆ ಕಿಟ್ಟಣ್ಣ ಕಮಲಾಕರಣ್ಣನನ್ನು ತೋರಿಸಿದರು.

"ಇವರು ಎಂತದೂ ಮಾಡ್ತಾರೆ ಶೆಟ್ರೆ. ನಮ್ಮ ಗ್ರೈಂಡರಿಗೆ ಕೊಂಬು ಒಂದು ಇಟ್ಟಿಲ್ಲ ಅಷ್ಟೆ."

ಶೆಟ್ಟರು ನೇರ ಮನುಷ್ಯ. ಒಂದು ಗಾಡಿ ತಂದು ಶೆಡ್ಡಿನಲ್ಲಿ ಬಿಟ್ಟರು. "ನೋಡಿ ಕಮಲಾಕರ್ರೇ, ಮೊದಲಿನಕ್ಕಿಂತ ಜಾಸ್ತಿ ಪವರ್ ಬೇಕು. ಮರಳಲ್ಲಿ ಮೂರು ಗಂಟೆ ನಿಲ್ಲದೆ ಓಡಬೇಕು. ಮೂರು ಗಂಟೆ ಓಡಿತು ಅಂತಾದ್ರೆ ನಾಲ್ಕೂ ಎಂಜಿನ್ ನಿಮ್ಮದೇ ಕೆಲಸ. ಅಲ್ಲೇ ಶೆಡ್ಡು ಕಟ್ಟಿಕೊಡ್ತೇನೆ. ನೀವೇ ಇನ್‌ಚಾರ್ಜ್. ಕಾಗದ ಗೀಗದ ನನಗೆ ಬೇಡ. ಓಡದಿದ್ರೆ ನಾನು ಹೊಸ ಗಾಡಿ ತರಿಸುದು, ಹೊಸ ಮೆಕ್ಯಾನಿಕ್ ಇಡುದು. ಆಯ್ತಾ?"

"ಶರಿ" ಎಂದರು ಕಮಲಾಕರಣ್ಣ. ಅಷ್ಟೇ. ಶೆಟ್ಟರು ಹೋದ ಮೇಲೆ ಗಾಡಿಯ ಸುತ್ತ ಎರಡು ಸುತ್ತು ಬಂದು, "ನಲವತ್ತೇಳು ವರ್ಷಕ್ಕೆ ಒಬ್ಬ ಕಾಗದ ಬೇಡ ಅಂದ ನೋಡು" ಎಂದರು.

ಒಂದು ತಿಂಗಳು ಆ ಎಂಜಿನ್ನಿನ ಜೊತೆ ಇದ್ದರು. ನಮ್ಮ ರಸ್ತೆಯಲ್ಲಿ ಓಡುವ ಒಂದು ಹಳೆಯ ಬೈಕಿನ ಪಿಸ್ಟನ್ ಹುಡುಕಿದರು. ಸಿಲಿಂಡರಿಗೆ ಒಳಗಿನಿಂದ ಹೊಸ ಸ್ಲೀವ್, ಅಂದರೆ ಕಬ್ಬಿಣದ ಕೊಳವೆ, ಹಾಕಿಸಿ, ಪಿಸ್ಟನ್ನಿಗೆ ಸರಿಯಾಗಿ ಕೊರೆಸಿದರು. ಪಿಸ್ಟನ್ನಿನ ಪಿನ್ನು ಸಣ್ಣದಾಯಿತು, ಅದಕ್ಕೆ ಸಂದಿ ತುಂಬುವ ಬುಷ್ ತಾವೇ ಲೇತಿನಲ್ಲಿ ತಿರುಗಿಸಿದರು. ಬುಷ್ ಮೂರು ಸಲ ಹಾಳಾಯಿತು, ನಾಲ್ಕನೆಯದು ಕೂತಿತು. ಗ್ಯಾಸ್ಕೆಟ್ ಮಾತ್ರ ಎಲ್ಲೂ ಸಿಗಲಿಲ್ಲ. ಸಿಲಿಂಡರಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಕೂರುವ ತೆಳು ಬಿಲ್ಲೆ ಅದು. ಒಳಗಿನ ಬೆಂಕಿಯನ್ನೂ ಸುತ್ತಲಿನ ನೀರನ್ನೂ ಬೇರೆ ಬೇರೆ ಇಡುವುದು ಅದೊಂದೇ. ಸೌಕಾರ್‌ಪೇಟೆಯಿಂದ ತಾಮ್ರದ ತಗಡು ತಂದು ಕತ್ತರಿಸಿದರು. ತಾಮ್ರವನ್ನು ಕೆಂಪಗೆ ಕಾಸಿ ನೀರಿಗೆ ಹಾಕಿದರೆ ಮೆತ್ತಗಾಗುತ್ತದೆ. ಆಗ ಹೆಡ್ ಬಿಗಿದರೆ ಸಂದಿಯೆಲ್ಲ ತುಂಬಿಕೊಂಡು ಕೂರುತ್ತದೆ. ಆ ಕಾಸುವ ಕೆಲಸ ನಮ್ಮ ದೋಸೆ ಒಲೆಯಲ್ಲಿ ನಡೆಯಿತು. ಕಿಟ್ಟಣ್ಣ ನೋಡಿ, "ಇದಕ್ಕೆ ಚಟ್ನಿಯೋ ಸಾಂಬಾರೋ?" ಎಂದು ಕೇಳಿ ಹೋದರು.

ಪೊಂಗಲ್ ಮುಗಿದ ಮರುದಿನ ಭಾನುವಾರ. ಅಂದೇ ಪರೀಕ್ಷೆ ಎಂದು ಶೆಟ್ಟರು ಹೇಳಿದ್ದರು. ಶನಿವಾರ ಸಂಜೆ ಶೆಡ್ಡಿನಲ್ಲಿ ಎಂಜಿನ್ ಓಡಿಸಿ ನೋಡಿದೆವು. ಗಲ್ಲಿಯ ಕಿಟಕಿಗಳೆಲ್ಲ ನಡುಗಿದವು. ಕಮಲಾಕರಣ್ಣ ಸ್ಕ್ರೂಡ್ರೈವರನ್ನು ಎಡಗಿವಿಗೆ ಇಟ್ಟರು, ಬಲಗಿವಿಗೆ ಇಟ್ಟರು. ವರ್ಷಗಟ್ಟಲೆ ಆ ಶಬ್ದದ ಪಕ್ಕ ನಿಂತು ಎಡಗಿವಿ ಅಷ್ಟು ಹೊತ್ತಿಗೆ ಹೆಚ್ಚುಕಡಿಮೆ ಹೋಗಿತ್ತು.

"ಬಡೀತಾ ಇದೆ. ಒಳಗೆ ಒತ್ತಡ ಜಾಸ್ತಿ ಆಯ್ತು" ಎಂದರು. "ಐದು ನಿಮಿಷ ಹಾರುತ್ತೆ. ಮೂರು ಗಂಟೆ ಇರಲ್ಲ. ಗ್ಯಾಸ್ಕೆಟ್ ಇನ್ನೂ ದಪ್ಪ ಬೇಕು. ಸ್ವಲ್ಪ ಪವರ್ ಹೋಗ್ಲಿ ಬಿಡು."

ದಪ್ಪ ತಗಡು ಇರಲಿಲ್ಲ. ಹಬ್ಬದ ರಜೆ, ಮರುದಿನ ಭಾನುವಾರ. ಸೌಕಾರ್‌ಪೇಟೆ ಮುಚ್ಚಿತ್ತು, ಪುದುಪೇಟೆಯೂ ಮುಚ್ಚಿತ್ತು.

ಆಗ ನಾನು ಬಾಯಿ ಬಿಟ್ಟೆ. "ಅಟ್ಟದಲ್ಲಿ ಸಾರಿನ ಹಳೇ ತಾಮ್ರದ ಪಾತ್ರೆ ಉಂಟು ಅಣ್ಣ. ತಳ ಒಳ್ಳೆ ದಪ್ಪ."

"ಕಿಟ್ಟಣ್ಣ?"

"ಕಿಟ್ಟಣ್ಣನಿಗೆ ನಾನು ಹೇಳ್ತೇನೆ."

ಬೆಳಗಿನ ಜಾವ ಪಾತ್ರೆ ಇಳಿಸಿದೆ. ಹುಣಸೆಹುಳಿ, ಉಪ್ಪು ಹಾಕಿ ಒಳಗೆ ಹೊರಗೆ ತಿಕ್ಕಿದೆ. ತಳ ಕೆಂಪಗೆ ಹೊಳೆಯಿತು. ಶೆಡ್ಡಿಗೆ ತೆಗೆದುಕೊಂಡು ಹೋದೆ. ಅಂದು ಏಕಾದಶಿ. ಕಮಲಾಕರಣ್ಣ ಏಕಾದಶಿ ನೀರೂ ಕುಡಿಯದೆ ಮಾಡುವವರು. ಸ್ನಾನ ಮಾಡಿ, ನಾಮ ಹಚ್ಚಿ ಬಂದಿದ್ದರು. ತಳವನ್ನು ತಟ್ಟಿ ನೋಡಿ, ಉಜ್ಜಿ ನೋಡಲು ಅರದ ಫೈಲು ಕೈಗೆ ತೆಗೆದುಕೊಂಡರು.

"ಕಲಾಯಿ ಇತ್ತಲ್ಲ ಇದಕ್ಕೆ?"

"ಹೋಗಿ ವರ್ಷ ಆಯ್ತು. ನೋಡಿ, ಕೆಂಪು ಕಾಣ್ತದಲ್ಲ. ಕೆಂಪು ಕಂಡ್ರೆ ಕಲಾಯಿ ಹೋಯಿತು ಅಂತಲೇ."

ಅದು ಅಡಿಗೆಮನೆಯ ಮಾತು. ತಾಮ್ರದ ಪಾತ್ರೆಯ ಒಳಗೆ ತವರದ ಲೇಪ ಇರಬೇಕು, ಇಲ್ಲದಿದ್ದರೆ ಹುಳಿ ಕೆಡುತ್ತದೆ. ಒಳಗೆ ಕೆಂಪು ಕಂಡ ದಿನವೇ ನಾವು ಪಾತ್ರೆಯನ್ನು ಒಲೆಯಿಂದ ಇಳಿಸಿ ಕಲಾಯಿಯವನನ್ನು ಕರೆಯುತ್ತೇವೆ. ನಮ್ಮ ಅಪ್ಪ, ನಮ್ಮ ಮಾವ ಎಲ್ಲರೂ ಹಾಗೆಯೇ ಹೇಳುತ್ತಿದ್ದರು. ಅಲ್ಲಲ್ಲಿ ಕೂದಲೆಳೆಯಷ್ಟು ತವರ ಉಳಿದಿದ್ದರೂ ನಮಗೆ ಅದು ಹೋದ ಕಲಾಯಿಯೇ. ಸಾರಿಗೆ ಅಷ್ಟು ಲೆಕ್ಕ ಸಾಕು.

"ಕಲಾಯಿ ವಿಷಯ ನಿನಗೆ ಗೊತ್ತು" ಎಂದು ಕಮಲಾಕರಣ್ಣ ಫೈಲು ಕೆಳಗಿಟ್ಟರು. ಹೊರಗೆ ಶೆಟ್ಟರ ವ್ಯಾನು ಹಾರ್ನ್ ಹೊಡೆಯುತ್ತಿತ್ತು. ಕತ್ತರಿಸಿದರು, ಕೆಂಪಗೆ ಕಾಸಿದರು, ನೀರಿಗೆ ಹಾಕಿದರು. ಮಸಿ ಒರೆಸಿ ಬಿಗಿದರು.

ಹೊರಡುವಾಗ ಭೀಮಾಬಾಯಮ್ಮ ಗಲ್ಲಿಯ ಬಾಯಿಗೆ ಬಂದು ನಿಂತಿದ್ದರು. ಅವರದೂ ಉಪವಾಸ. "ನಾಳೆ ದ್ವಾದಶಿ ಪಾರಣೆಗೆ ಸರಿಯಾಗಿ ಬಂದ್ಬಿಡೋ ಕಮಲೂ. ಅಗಸೆ ಸೊಪ್ಪು ತರಿಸಿದೀನಿ. ನೀನು ಬರದೆ ನಾನು ತುಳಸಿನೀರೂ ಬಾಯಿಗೆ ಹಾಕಲ್ಲ."

"ಬರ್ತೀನಮ್ಮಾ. ಇವತ್ತು ರಾತ್ರೀನೇ ಬರ್ತೀನಿ."

ಸಮುದ್ರದ ಬದಿಯಲ್ಲಿ ಶೆಟ್ಟರು ಎರಡು ಕಂಬ ನೆಟ್ಟಿದ್ದರು. ಅದರ ಸುತ್ತ ಸುತ್ತಬೇಕು. ಓಡಿಸುವುದು ಯಾರು ಎಂದಾಗ ಕಮಲಾಕರಣ್ಣ, "ನಾನೇ" ಎಂದರು.

"ಉಪವಾಸ ಅಂತೆ ನಿಮ್ಮದು. ತಲೆ ತಿರುಗಿ ಬಿದ್ರೆ?" ಎಂದರು ಶೆಟ್ಟರು.

"ಬೇರೆಯೋರ ಕೈಗೆ ಕೊಡಲ್ಲ ಶೆಟ್ರೇ."

ನನ್ನನ್ನು ಪಕ್ಕಕ್ಕೆ ಕರೆದರು. "ನನಗೆ ಈಗ ಶರಿಯಾಗಿ ಕೇಳಲ್ಲ ಜಯಪ್ರಕಾಶಾ. ನೀನು ಕೇಳು. ಶಬ್ದ ಬದಲಾದ್ರೆ ಕೈ ಎತ್ತು."

ಹತ್ತು ಗಂಟೆಗೆ ಶುರುವಾಯಿತು. ಆ ಎಂಜಿನ್ ಎದ್ದ ರೀತಿ ನಾನು ಮರೆಯುವುದಿಲ್ಲ. ಹಿಂದಿನ ಚಕ್ರಗಳು ಮರಳನ್ನು ತೋಡಿ ಆಳೆತ್ತರಕ್ಕೆ ಎಸೆದವು. ಮೀನುಗಾರರು ಬಲೆ ಬಿಟ್ಟು ನೋಡಲು ನಿಂತರು. ಶೆಟ್ಟರು ಸೊಂಟದ ಮೇಲೆ ಕೈ ಇಟ್ಟು, "ಇದು ನಾನು ತಂದ ಗಾಡಿಯಾ ಮಾರಾಯ?" ಎಂದರು. ಒಂದು ಗಂಟೆ ಹೋಯಿತು. ಎರಡು ಗಂಟೆ ಹೋಯಿತು. ಶಬ್ದ ಒಂದೇ ಸಮ. ನೇರ ಸುರಿಯುವ ಹಾಲಿನ ಹಾಗೆ. ಬಿಸಿಲಲ್ಲಿ ಕಮಲಾಕರಣ್ಣನ ಹಣೆಯ ನಾಮ ಕರಗಿ ಮೂಗಿನ ಮೇಲೆ ಇಳಿದಿತ್ತು. ಪ್ರತಿ ಸುತ್ತಿಗೂ ನನ್ನ ಕೈ ನೋಡುತ್ತಿದ್ದರು. ನನ್ನ ಕೈ ಕೆಳಗೇ ಇತ್ತು.

ಹನ್ನೆರಡೂವರೆಗೆ ಶೆಟ್ಟರು ತಮ್ಮ ಮ್ಯಾನೇಜರಿಗೆ, "ಆ ತೆಂಗಿನಮರದ ಪಕ್ಕ ಶೆಡ್ಡು ಹಾಕುವ, ಸಮುದ್ರದ ಗಾಳಿ ಬರ್ತದೆ" ಎಂದು ಹೇಳುತ್ತಿದ್ದರು. ಅದು ನನ್ನ ಕಿವಿಗೆ ಬಿತ್ತು. ಅದೇ ಹೊತ್ತಿಗೆ ಶಬ್ದ ಬದಲಾಯಿತು.

ತುಂಬ ಅಲ್ಲ. ಒಲೆಯ ಮೇಲಿನ ಇಡ್ಲಿ ಪಾತ್ರೆಯ ಮುಚ್ಚಳ ಸ್ವಲ್ಪ ಜರುಗಿದಾಗ ಹಬೆ ಸೀಟಿ ಹೊಡೆಯುತ್ತದಲ್ಲ, ಅಷ್ಟು. ನಾನು ಕೈ ಎತ್ತಿದೆ. ಅವರು ನೋಡಿದರು. ನಿಲ್ಲಿಸಿದರೆ ಎಂಜಿನ್ ಉಳಿಯುತ್ತಿತ್ತು, ಮೂರು ಗಂಟೆಯ ಮಾತು ಹೋಗುತ್ತಿತ್ತು. ಅವರು ಮುಖ ತಿರುಗಿಸಿದರು. ಮುಂದಿನ ಸುತ್ತಿಗೆ ನಾನು ಎರಡೂ ಕೈ ಎತ್ತಿದೆ. ಅವರು ನೋಡಲೇ ಇಲ್ಲ.

ರೇಡಿಯೇಟರಿನಿಂದ ಬಿಳಿ ಹಬೆ ಬಂತು. ಮೂರು ಗಂಟೆ ತುಂಬಲು ಇನ್ನು ಹದಿನಾಲ್ಕು ನಿಮಿಷ ಇತ್ತು. ದೂರದ ಕಂಬದ ಹತ್ತಿರ ಎಂಜಿನ್ ಕಚ್ಚಿಕೊಂಡಿತು. ಹಿಂದಿನ ಚಕ್ರ ಎರಡೂ ಒಂದೇ ಸಲ ನಿಂತವು. ಕಮಲಾಕರಣ್ಣ ಹ್ಯಾಂಡಲಿನ ಮೇಲಿಂದ ಹಾರಿ ಮರಳಿಗೆ ಬಿದ್ದರು. ನಾನು ಓಡಿ ಹೋಗುವಾಗ ಅವರು ಎದ್ದು ಕೂತಿದ್ದರು. ಎಲ್ಲೂ ಗಾಯ ಇರಲಿಲ್ಲ. ಅಲೆಯ ಶಬ್ದ ಬಿಟ್ಟರೆ ಬೇರೆ ಏನೂ ಇರಲಿಲ್ಲ.

"ಎಷ್ಟಾಯ್ತು?" ಎಂದರು.

ನಾನು ಹೇಳಿದೆ.

ಶೆಟ್ಟರು ನಿಧಾನ ನಡೆದು ಬಂದರು. ಬಯ್ಯಲಿಲ್ಲ. "ಮೂರು ಗಂಟೆ ಅಂದ್ರೆ ಮೂರು ಗಂಟೆ, ಕಮಲಾಕರ್ರೇ. ಮೇಲೆ ಕೂತ್ಕೊಳ್ಳುದು ಗಿರಾಕಿಗಳ ಮಕ್ಕಳು. ನಿಮ್ಮ ಹಾಗೆ ಬಿದ್ದು ಏಳ್ಲಿಕ್ಕೆ ಆಗುದಿಲ್ಲ."

"ಶರಿ" ಎಂದರು ಕಮಲಾಕರಣ್ಣ.

ಸಂಜೆ ವ್ಯಾನಿನಲ್ಲಿ ಎಂಜಿನ್ ಹಾಕಿದೆವು. ಅವರು ಹತ್ತಲಿಲ್ಲ. "ನೀನು ಹೋಗು, ಬರ್ತೀನಿ" ಎಂದರು. ಆ ರಾತ್ರಿ ಬರಲಿಲ್ಲ. ಬೆಳಗ್ಗೆ ದ್ವಾದಶಿ ಪಾರಣೆಯ ಹೊತ್ತು ದಾಟಿತು. ನಾನು ಮನೆಗೆ ಹೋದಾಗ ಭೀಮಾಬಾಯಮ್ಮ ಎಲೆ ಹಾಕಿ, ಎಲೆಯ ಮುಂದೆ ಕೂತಿದ್ದರು. ಅಗಸೆ ಸೊಪ್ಪಿನ ಪಲ್ಯ ಆರಿ ಹೋಗಿತ್ತು. "ಬಂದ್ನೇನೋ?" ಎಂದರು. ಇಲ್ಲ ಎಂದೆ. ಎಪ್ಪತ್ತೆರಡು ವರ್ಷದ ಮುದುಕಿ, ಎರಡನೆಯ ದಿನವೂ ನೀರಿಲ್ಲದೆ ಗೋಡೆಗೆ ಒರಗಿಕೊಂಡರು.

ಮಧ್ಯಾಹ್ನ ಎರಡಕ್ಕೆ ಕಮಲಾಕರಣ್ಣ ಬಂದರು. ರಾತ್ರಿಯಿಡೀ ಅಲ್ಲೇ ಮರಳಿನಲ್ಲಿ ಕೂತು, ಬೆಳಗ್ಗೆ ಎದ್ದು ನಡೆಯಲು ಶುರುಮಾಡಿ, ಅಡಿಯಾರಿನ ಹತ್ತಿರ ಬಸ್ಸು ಹತ್ತಿದ್ದರು. ತಾಯಿಗೆ ನೀರು ಕೊಟ್ಟು ನೇರ ಶೆಡ್ಡಿಗೆ ಬಂದು ಹೆಡ್ ಬಿಚ್ಚಿದರು. ನಾನು ಪಕ್ಕದಲ್ಲೇ ಇದ್ದೆ.

ಪಿಸ್ಟನ್ ಸಿಲಿಂಡರಿಗೆ ಹಿಡಿದುಕೊಂಡು ಗೀರು ಗೀರಾಗಿತ್ತು. ಗ್ಯಾಸ್ಕೆಟ್ಟನ್ನು ಎತ್ತಿ ಬೆಳಕಿಗೆ ಹಿಡಿದರು. ಒಂದು ಕಡೆ, ಉಗುರಿನಷ್ಟು ಜಾಗದಲ್ಲಿ, ಬೆಳ್ಳಗೆ ಕರಗಿ ಹರಿದ ಗುರುತು. ಅಲ್ಲಿಂದ ಬೆಂಕಿ ನೀರಿಗೆ ದಾರಿ ಮಾಡಿಕೊಂಡಿತ್ತು. ತಿಕ್ಕಿದಾಗ ಉಳಿದಿದ್ದ ತವರ, ಕೆಂಪಗೆ ಕಾಸಿದಾಗ ಕರಗಿ ಒಂದು ಕಡೆ ಕೂಡಿ ನಿಂತಿತ್ತು. ಮಸಿಯಲ್ಲಿ ಕಂಡಿರಲಿಲ್ಲ. ತಾಮ್ರ ತಡೆಯುವ ಬಿಸಿ ತವರ ತಡೆಯುವುದಿಲ್ಲ. ಕಲಾಯಿಯವನು ನಮ್ಮ ಹಿತ್ತಲಲ್ಲಿ ಒಂದು ಬುಟ್ಟಿ ಇದ್ದಲಲ್ಲಿ ತವರ ಕರಗಿಸುವುದನ್ನು ನಾನು ಸಾವಿರ ಸಲ ನೋಡಿದವನು.

ಅವರು ಗ್ಯಾಸ್ಕೆಟ್ಟನ್ನು ಒರೆಸಿ ಗೋಡೆಯ ಮೊಳೆಗೆ ತೂಗುಹಾಕಿದರು.

ಏಪ್ರಿಲಿನಲ್ಲಿ ಶೆಡ್ಡು ಕೆಡವಿದರು. ಲೇತನ್ನು ತೂಕದ ಮೇಲೆ ಕೊಟ್ಟರು. ಉಪೇಂದ್ರರು ತಮ್ಮ ಫ್ಲಾಟಿನ ಅಸೋಸಿಯೇಷನ್‌ಗೆ ಹೇಳಿ ಅಲ್ಲಿ ಒಂದು ಕೆಲಸ ಕೊಡಿಸಿದರು. ನೀರಿನ ಪಂಪು ಹಾಕುವುದು, ಕರೆಂಟ್ ಹೋದರೆ ಜನರೇಟರ್ ಹಾಕುವುದು.

ಆ ಡಿಸೆಂಬರಿನ ಕೊನೆಯ ಭಾನುವಾರ ಬೆಳಗ್ಗೆ ಸಮುದ್ರ ಒಳಗೆ ಬಂತು. ಶೆಟ್ಟರ ರೆಸಾರ್ಟಿನ ಮುಂಭಾಗ ಪೂರ್ತಿ ಹೋಯಿತು. ಹೊಸದಾಗಿ ತರಿಸಿದ್ದ ಗಾಡಿಗಳು ಹೋದವು. ತೆಂಗಿನಮರದ ಪಕ್ಕದ ಶೆಡ್ಡು ಹೋಯಿತು. ಶೆಡ್ಡಿನಲ್ಲಿ ಇದ್ದ ಮೆಕ್ಯಾನಿಕ್, ಪಾಂಡಿಚೇರಿ ಕಡೆಯವನಂತೆ, ಅವನೂ ಹೋದ.

ಪಾತ್ರೆ ಕತ್ತರಿಸಿದ್ದನ್ನು ನಾನು ಕಿಟ್ಟಣ್ಣನಿಗೆ ಯಾವಾಗಲೋ ಹೇಳಿ ಅತ್ತಿದ್ದೆ. ಸಮುದ್ರದ ಸುದ್ದಿ ಬಂದ ಮೇಲೆ ಕಿಟ್ಟಣ್ಣ ನನ್ನ ಬೆನ್ನು ತಟ್ಟಿ, "ನೋಡಿದ್ಯಾ? ನಿನ್ನ ಕಲಾಯಿ ಅವರ ಜೀವ ಉಳಿಸಿತು. ಹೋಗಿ ಹೇಳು, ನಿನಗೂ ಹಗುರ ಆಗ್ತದೆ" ಎಂದರು.

ನಾನು ನಂಬಿದೆ. ಅಣ್ಣಾ ನಗರಕ್ಕೆ ಹೋದೆ. ಕಮಲಾಕರಣ್ಣ ಪಂಪಿನ ಕೋಣೆಯ ಮುಂದೆ ಸ್ಟೂಲಿನ ಮೇಲೆ ಕೂತಿದ್ದರು. ಕೈ ನೋಡಿದೆ. ಉಗುರು ಬೆಳ್ಳಗಾಗಿತ್ತು. ಜೋರಾಗಿ ಮಾತಾಡಬೇಕಿತ್ತು, ಬಲಗಿವಿಯ ಹತ್ತಿರ.

"ಅಣ್ಣ, ಆ ತಾಮ್ರ ನಂದು. ಕಲಾಯಿ ಇತ್ತು. ನಾನು ಇಲ್ಲ ಅಂದೆ."

"ಗೊತ್ತು."

"ನೀವು ಒಂದು ಮಾತು ಬಯ್ಯಲಿಲ್ಲ."

"ನೀನು ಅಡಿಗೆಯೋನು. ಕೆಂಪು ಕಂಡ್ರೆ ಕಲಾಯಿ ಹೋಯ್ತು ಅನ್ನೋದು ನಿನಗೆ ಶರಿ. ಫೈಲ್ ನನ್ನ ಕೈಯಲ್ಲಿತ್ತು. ಒಂದು ಸಲ ಎಳೆದಿದ್ರೆ ಬೆಳ್ಳಗೆ ಬಂದಿರೋದು. ಇಟ್ಬಿಟ್ಟೆ."

"ಆದ್ರೆ ನೋಡಿ ಅಣ್ಣ, ಅದು ಓಡಿದ್ರೆ ನೀವು ಆ ದಿನ ಅಲ್ಲಿ ಇರ್ತಿದ್ರಿ. ದೇವರೇ ಹಾಗೆ ಮಾಡಿದ್ದು."

ಮೇಲಿನ ಫ್ಲಾಟಿನಿಂದ ಯಾರೋ "ಮೋಟಾರ್ ಪೋಡುಂಗೋ", ಮೋಟಾರ್ ಹಾಕಿ ಎಂದು ಕೂಗಿದರು. ಕಮಲಾಕರಣ್ಣನಿಗೆ ಕೇಳಿಸಲಿಲ್ಲ. ನಾನು ಕೈಸನ್ನೆ ಮಾಡಿದೆ. ಎದ್ದು ಸ್ವಿಚ್ ಹಾಕಿ ಬಂದು ಮತ್ತೆ ಕೂತರು.

"ಹನ್ನೊಂದು ತಿಂಗಳು ಸಿಕ್ಕಿರೋದು" ಎಂದರು. "ನಾಲ್ಕು ಎಂಜಿನ್ನೂ ಆಗಿರೋದು. ಅಷ್ಟು ಸಾಕಾಗಿತ್ತು ನನಗೆ."

ನಾನು ಹಗುರಾಗಲು ಹೋದವನು. ಅವರ ಮುಖ ನೋಡಲಾಗದೆ ಬಸ್ಸಿಗೆ ಬಂದೆ.

ಭೀಮಾಬಾಯಮ್ಮ ಎರಡು ಸಾವಿರದ ಆರರಲ್ಲಿ ತೀರಿಕೊಂಡರು. ಏಕಾದಶಿ ಮಾತ್ರ ಕಮಲಾಕರಣ್ಣ ಬಿಡಲಿಲ್ಲ. ಅಣ್ಣನ ಮನೆಯಲ್ಲಿ ದ್ವಾದಶಿ ಪಾರಣೆಗೆ ಯಾರೂ ಕಾಯುವುದಿಲ್ಲ. ಎದ್ದವರು ಎದ್ದ ಹಾಗೆ ಕಾಫಿ ಕುಡಿಯುತ್ತಾರೆ. ಇವರು ಪಂಪಿನ ಕೋಣೆಯಲ್ಲೇ ತುಳಸಿನೀರು ಕುಡಿದು ಮುಗಿಸುತ್ತಿದ್ದರು.

ಕೊನೆಗೆ ನಾನು ಅವರನ್ನು ನೋಡಿದ್ದು ಎರಡು ಸಾವಿರದ ಎಂಟರಲ್ಲಿ. ಆಗ ದಿನಾ ಮಧ್ಯಾಹ್ನ ಕರೆಂಟ್ ಹೋಗುತ್ತಿತ್ತು. ನಾನು ಹೋದಾಗ ಜನರೇಟರ್ ಓಡುತ್ತಿತ್ತು. ಅವರು ಅದರ ಪಕ್ಕದಲ್ಲೇ ಬೆನ್ನು ಹಾಕಿ ಕೂತಿದ್ದರು. ನಾನು ನಾಲ್ಕು ಹೆಜ್ಜೆ ದೂರದಲ್ಲೇ ನಿಂತೆ. ಒಳಗಿನಿಂದ ಒಂದು ಬಡಿತ ಬರುತ್ತಿತ್ತು. ಕಡ್ ಕಡ್ ಕಡ್. ಸಾರಿನ ಸೌಟು ಹಿಡಿಯುವ ನನಗೂ ಗೊತ್ತಾಗುವಷ್ಟು.

ಅವರ ಭುಜ ಮುಟ್ಟಿ, ಬಲಗಿವಿಯ ಹತ್ತಿರ ಬಾಯಿ ಇಟ್ಟು ಕೂಗಿದೆ. "ಅಣ್ಣ, ಬೇರಿಂಗ್ ಹೋಗಿದೆ ಇದರದ್ದು."

ತಿರುಗಿ ಜನರೇಟರನ್ನು ನೋಡಿದರು. ಕೈಯನ್ನು ಅದರ ಮೇಲೆ ಇಟ್ಟರು, ಸ್ವಲ್ಪ ಹೊತ್ತು ಇಟ್ಟುಕೊಂಡೇ ಇದ್ದರು. ಆಮೇಲೆ ತೆಗೆದರು.

"ಹೌದಾ?" ಎಂದರು. "ಅಸೋಸಿಯೇಷನ್‌ಗೆ ಹೇಳ್ಬೇಕು. ಮೆಕ್ಯಾನಿಕ್‌ನ ಕರೆಸ್ತಾರೆ."